ಹಿಂದಿನ ಸೀಟಿನ ಭಾರ

ಕಾಕಾ ತೀರಿಕೊಂಡ ಮೇಲೆ ನಾನು ಬಿಜ್ಜರಗಿಯ ಮಡ್ಡಿಗೆ ಒಬ್ಬಳೇ ಹೋದ ಮೊದಲ ದಿನವೇ ಅದು ಆಯಿತು. ಆ ದಿಣ್ಣೆಯ ಕಲ್ಲುದಾರಿಯ ಏರು ಮುಗಿದು ನೆಲ ಸಮವಾಗುವಲ್ಲಿ ಒಂದು ಬೇವಿನ ಗಿಡವಿದೆ. ಅದರ ಮುಂದಿನ ತಗ್ಗನ್ನು ದಾಟಿದ್ದೆ ಅಷ್ಟೆ, ಮೋಟರ್‌ಸೈಕಲ್ಲಿನ ಹಿಂಭಾಗ ಗಕ್ಕನೆ ನಾಲ್ಕು ಬೆರಳಿನಷ್ಟು ಕೆಳಗಿಳಿಯಿತು. ಯಾರೋ ಕಾಲು ಎತ್ತಿ ಹಾಕಿ ನನ್ನ ಹಿಂದೆ ಕೂತಾಗ ಹೇಗೆ ಇಳಿಯುತ್ತದೋ ಹಾಗೆ.

ನಾನು ತಿರುಗಿ ನೋಡಲಿಲ್ಲ. ಸೀಟು ಖಾಲಿ ಇರುತ್ತದೆ ಎಂಬುದು ನನಗೆ ಗೊತ್ತಿತ್ತು. ಆ ಖಾಲಿಯನ್ನು ನೋಡುವ ಮನಸ್ಸಿರಲಿಲ್ಲ.

ನಾನು ಪಶುವೈದ್ಯೆ. ಮನೆ ವಿಜಯಪುರದಲ್ಲಿ, ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯೊಂದರಲ್ಲಿ. ಕೆಲಸ ತಿಕೋಟಾ ಸುತ್ತಿನ ಹಳ್ಳಿಗಳಲ್ಲಿ. ಕುರಿ ಆಡುಗಳ ಹಟ್ಟಿಗಳು ಡಾಂಬರು ರಸ್ತೆಯ ಪಕ್ಕದಲ್ಲಿ ಇರುವುದಿಲ್ಲ. ಜೀಪು ಹೋಗದ ಕಡೆಗೆ, ಸ್ಕೂಟರ್ ಹೋದರೆ ಎಂಜಿನ್ನಿನ ಅಡಿಯ ಚೇಂಬರ್ ಒಡೆದುಕೊಳ್ಳುವ ಕಡೆಗೆ ನಾನು ಗಂಡನ ಹಳೆಯ ಮೋಟರ್‌ಸೈಕಲ್ಲಿನಲ್ಲಿ ಹೋಗುತ್ತಿದ್ದೆ. ಕಲ್ಲು, ಮಣ್ಣು, ಹಳ್ಳಗಳಲ್ಲಿ ಓಡಿಸಲೆಂದೇ ಮಾಡಿದ ಎತ್ತರದ ಗಾಡಿ ಅದು. ಗಂಡನಿಗೆ ಒಂದು ಕಾಲದಲ್ಲಿ ಅದರ ಹುಚ್ಚಿತ್ತು. ಸೊಂಟ ಕೈಕೊಟ್ಟ ಮೇಲೆ ಅವನು ಅದನ್ನು ಒರೆಸಿ ನಿಲ್ಲಿಸಿದ. ನಾನು ಕಾಲು ನೆಲಕ್ಕೆ ಎಟುಕುವ ಹಾಗೆ ಸೀಟಿನ ಸ್ಪಂಜು ಕೊಯ್ಯಿಸಿಕೊಂಡು ಹತ್ತಿದೆ.

ಕಾಕಾ ನನ್ನ ಸಂಬಂಧಿಕರಲ್ಲ. ನನ್ನ ಜೊತೆಗಿದ್ದ ಸಹಾಯಕರು, ನಿಡೋಣಿಯವರು. ಎಲ್ಲರೂ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ಅವರು ನನ್ನನ್ನು ಮೇಡಂ ಎನ್ನುವ ಬದಲು ಬಾಯಾರ ಎನ್ನುತ್ತಿದ್ದರು. ಲಸಿಕೆಯ ಥಂಡಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಹಲಗೆಯಂಥ ಹಿಂದಿನ ಸೀಟಿನ ಮೇಲೆ ತಮ್ಮ ಕರಿಕಂಬಳಿಯನ್ನು ಮಡಚಿ ಹಾಕಿಕೊಂಡು, ವರ್ಷಗಟ್ಟಲೆ ನನ್ನ ಬೆನ್ನ ಹಿಂದೆ ಕೂತರು. ಮಾತು ಕಡಿಮೆ. ದಾರಿಯಲ್ಲಿ ಕುಂಟುವ ಆಡು ಕಂಡರೆ ಮಾತ್ರ ನನ್ನ ಎಡಭುಜ ತಟ್ಟುತ್ತಿದ್ದರು.

ಮಡ್ಡಿಯ ಏರು ಬಂದಾಗ ಪ್ರತಿಸಲ ಬುಡದಲ್ಲೇ ಇಳಿದುಬಿಡುತ್ತಿದ್ದರು.

"ನೀವು ಹೋಗ್ರಿ ಬಾಯಾರ, ನಾ ನಡಕೊಂತ ಬರತೇನಿ. ಇಬ್ಬರ ಭಾರಕ್ಕ ಗಾಡಿ ಉಸರಗಟ್ಟತೈತಿ."

"ಏನೂ ಆಗೂದಿಲ್ಲ ಕಾಕಾ, ಕೂಡ್ರಿ."

"ಬ್ಯಾಡ್ರಿ. ಅದೂ ಒಂದು ಜೀವಽ ಅಲ್ಲೇನ್ರಿ."

ನಾನು ಮೇಲೆ ಹೋಗಿ ಬೇವಿನ ನೆರಳಲ್ಲಿ ಕಾಯುತ್ತಿದ್ದೆ. ಅವರು ಬಂದು, ನನ್ನ ಭುಜದ ಮೇಲೆ ಕೈಯೂರಿ, ಕಾಲೆತ್ತಿ ಹಾಕಿ ಕೂತಾಗ ಗಾಡಿಯ ಹಿಂಭಾಗ ಕೆಳಗಿಳಿಯುತ್ತಿತ್ತು. ಆಗ ನಾನು ಗೇರು ಹಾಕುತ್ತಿದ್ದೆ. ಅವರಿಗೂ ನನಗೂ ಮಧ್ಯೆ ಹೊರಡೋಣವೆಂಬ ಮಾತಿಗೆ ಬದಲು ಆ ಇಳಿತವೇ ಇತ್ತು.

ಒಂದು ಮುಂಜಾನೆ ಅವರು ತಮ್ಮ ಹೊಲದಲ್ಲಿ ಕಡಲೆಗೆ ನೀರು ಬಿಟ್ಟು ಬದುವಿನ ಮೇಲೆ ಕೂತವರು ಏಳಲಿಲ್ಲ. ಆ ಹೊತ್ತಿಗೆ ನಾನು ತಿಕೋಟಾದ ಬಸ್ ನಿಲ್ದಾಣದ ಎದುರು ಗಾಡಿ ಚಾಲೂ ಇಟ್ಟುಕೊಂಡು ಅವರಿಗಾಗಿ ಕಾಯುತ್ತಿದ್ದೆ. ಬಸ್ಸು ಬಂತು, ಜನ ಇಳಿದರು, ಬಸ್ಸು ಹೋಯಿತು. ಆಮೇಲೆ ಫೋನ್ ಬಂತು. ನಿಡೋಣಿಗೆ ಹೋದಾಗ ಅವರ ಹೊಲದ ಮೂಲೆಯಲ್ಲಿ ಕುಣಿ ತೋಡಿ ಆಗಿತ್ತು. ಮಣ್ಣು ಕೊಡುವ ಮೊದಲು ಆ ಕರಿಕಂಬಳಿಯನ್ನೂ ಅವರ ಮೈಮೇಲೆ ಹೊದಿಸಿ ಒಳಗೆ ಬಿಟ್ಟರು.

ಮಡ್ಡಿಯ ಮೇಲೆ ಗಾಡಿ ಇಳಿದದ್ದು ಇದಾಗಿ ಕೆಲವೇ ದಿನಗಳಿಗೆ.

ಎರಡನೆಯ ಸಲ ಹೋದಾಗಲೂ ಆಯಿತು. ಅದೇ ಬೇವಿನ ಗಿಡ, ಅದೇ ತಗ್ಗು, ಅದೇ ಭಾರ. ಪ್ರಾಣಿಗಳ ಕರುಳು, ಗರ್ಭ, ರಕ್ತ ಇವುಗಳ ನಡುವೆ ಕೆಲಸ ಮಾಡುವವಳು ನಾನು. ಸತ್ತದ್ದು ಏನಾಗುತ್ತದೆ ಎಂದು ಕಣ್ಣಾರೆ ಕಂಡವಳು. ಆದರೂ ಮೂರನೆಯ ಸಲ ಆ ಏರಿನ ಬುಡದಲ್ಲಿ ನನಗರಿವಿಲ್ಲದೆ ಗಾಡಿ ನಿಲ್ಲಿಸಿದೆ, ಯಾರಾದರೂ ಇಳಿಯಲಿ ಎಂಬಂತೆ. ಮೇಲೆ ಹೋಗಿ ನೆರಳಲ್ಲಿ ತುಸು ಕಾದೆ. ಹೊರಟೆ. ಹಿಂಭಾಗ ಇಳಿಯಿತು. "ಡಬ್ಬಿ ಹಿಡಕೊಂಡೀರೇನ್ರಿ?" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು.

ಡಬ್ಬಿ ಹಗ್ಗದಲ್ಲಿ ಕಟ್ಟಿಕೊಂಡು ನನ್ನ ಬೆನ್ನಿಗೇ ಇತ್ತು.

ಅಲ್ಲಿಂದ ಅದೊಂದು ರೂಢಿಯಾಗಿ ಹೋಯಿತು. ಹಿಂದೆ ಕೂತವರು ಕಾಲಿಡುವ ಕಂಬಿಗಳನ್ನು ನಾನು ಮಡಚದೆ ಬಿಟ್ಟೆ. ಬೆಳಿಗ್ಗೆ ಗಾಡಿ ಒರೆಸುವಾಗ ಹಿಂದಿನ ಸೀಟನ್ನೂ ಒರೆಸುತ್ತಿದ್ದೆ. ಬರಬರುತ್ತಾ ಭಾರ ಬೇವಿನ ಗಿಡವನ್ನಷ್ಟೇ ಕಾಯಲಿಲ್ಲ. ತಿಕೋಟಾದ ನಿಲ್ದಾಣದ ಎದುರಿನ ರಸ್ತೆ ಉಬ್ಬಿನಲ್ಲಿ ಕೂತಿತು. ದ್ರಾಕ್ಷಿ ತೋಟಗಳ ನಡುವಿನ ಕಾಲುವೆ ದಾಟುವಾಗ ಕೂತಿತು. ಕೆಲವು ದಿನ ಇಡೀ ದಾರಿ ಏನೂ ಇಲ್ಲ. ಅಂಥ ದಿನ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಕೂತ ದಿನ ಭಯ, ಕೂರದ ದಿನ ಅದಕ್ಕಿಂತ ಹೆಚ್ಚಿನ ಏನೋ ಒಂದು.

ಯಾರಿಗೂ ಹೇಳಿರಲಿಲ್ಲ. ಆ ಮಾತನ್ನು ಮೊದಲು ಎತ್ತಿದವನು ಮಡ್ಡಿಯ ಮೇಲಿನ ಹಟ್ಟಿಯ ಮುದುಕ. ಅವನ ಎರಡೂ ಕಣ್ಣಿಗೆ ಪೊರೆ. ಬಂದವರನ್ನು ಸಪ್ಪಳದಿಂದಲೇ ಗುರುತು ಹಿಡಿಯುತ್ತಿದ್ದ. ಕಾಕಾ ಹೋದ ಸುದ್ದಿಯನ್ನು ನಾನೇ ಅವನಿಗೆ ತಿಳಿಸಿದ್ದೆ. ಅವನು ನೆಲ ಮುಟ್ಟಿ ಹಣೆಗೆ ಒತ್ತಿಕೊಂಡಿದ್ದ. ಒಂದು ಮಧ್ಯಾಹ್ನ ನಾನು ಗಾಡಿ ನಿಲ್ಲಿಸಿ ಡಬ್ಬಿ ಬಿಚ್ಚುತ್ತಿರುವಾಗ ಕೇಳಿದ:

"ಜೋಡಿಗೆ ಯಾರ ಬಂದಾರವಾ?"

"ಯಾರೂ ಇಲ್ಲಜ್ಜಾ. ನಾ ಒಬ್ಬಾಕಿನಽ ಬಂದೇನಿ."

ಅವನು ಮುಖವನ್ನು ಗಾಡಿಯ ಕಡೆಗೆ ತಿರುಗಿಸಿ ಕಿವಿಗೊಟ್ಟ.

"ಇಬ್ಬರು ಕುಂತ ಗಾಡಿ ಹಂಗ ಬಂತು ನೋಡು," ಎಂದ. "ಇರ್ಲಿ ಬಿಡು. ನಂದೂ ಕಿವಿ ಈಗ ಸುಳ್ಳ ಹೇಳತೈತಿ."

ಆ ದಿನ ಕುರಿಗಳ ಎಣಿಕೆ ತಪ್ಪಿ ಎರಡು ಸಲ ಮೊದಲಿನಿಂದ ಎಣಿಸಿದೆ.

ವಾಪಸು ಬರುವಾಗಲೇ ಬಿದ್ದೆ. ಇಳಿಜಾರಿನಲ್ಲಿ ಒಂದು ಕಲ್ಲಿನ ಮೇಲೆ ಹಿಂದಿನ ಚಕ್ರ ಹತ್ತಿತು. ಗಾಡಿ ಆ ಪೆಟ್ಟನ್ನು ನುಂಗಲಿಲ್ಲ. ಕತ್ತೆ ಒದ್ದ ಹಾಗೆ ಹಿಂಭಾಗ ಮೇಲೆ ಹಾರಿ ನನ್ನನ್ನು ಹ್ಯಾಂಡಲ್ಲಿನ ಮೇಲಿಂದ ಎಸೆಯಿತು. ಜಾಲಿಯ ಕಂಟಿಯಲ್ಲಿ ಬಿದ್ದದ್ದರಿಂದ ಎಲುಬು ಉಳಿಯಿತು. ಮುಳ್ಳು ಕಿತ್ತುಕೊಂಡು ಕೂತಿದ್ದಾಗ ನನಗೆ ಮೊದಲು ಬಂದ ಯೋಚನೆ ನನ್ನ ಮೊಣಕಾಲಿನದಲ್ಲ. ಅವರು ಎಲ್ಲಿ ಬಿದ್ದರೋ ಎಂದು ಸುತ್ತ ನೋಡಿದೆ. ಹಾಗೆ ನೋಡಿದೆನಲ್ಲ, ಅದು ಗೊತ್ತಾದಾಗ ಗಡಬಡಿಸಿ ಎದ್ದು ಗಾಡಿ ಎತ್ತಿದೆ.

ಮನೆಗೆ ಕುಂಟುತ್ತಾ ಬಂದವಳನ್ನು ನೋಡಿ ಗಂಡ ಹೆಚ್ಚು ಕೇಳಲಿಲ್ಲ. ಅವನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು, ಮನುಷ್ಯರಿಗಿಂತ ವಸ್ತುಗಳನ್ನು ಮೊದಲು ಪ್ರಶ್ನಿಸುವವನು. ಅಂಗಳದಲ್ಲಿ ಗಾಡಿಯನ್ನು ನೇರ ನಿಲ್ಲಿಸಿಕೊಂಡು ಹಿಂದಿನ ಸೀಟಿನ ಮೇಲೆ ಎರಡೂ ಕೈಯೂರಿ ಒತ್ತಿದ. ಅದು ಕದಲಲಿಲ್ಲ. ಮೈಭಾರ ಹಾಕಿ ಮತ್ತೆ ಒತ್ತಿದ. ಆಗಲೂ ಇಲ್ಲ. ಪಕ್ಕದಿಂದ ಮೊಣಕಾಲಿನಲ್ಲಿ ಒಂದು ಸಣ್ಣ ಪೆಟ್ಟು ಕೊಟ್ಟ. ಗಕ್ಕನೆ ಹಿಂಭಾಗ ಇಳಿಯಿತು, ನಾಲ್ಕು ಬೆರಳಿನಷ್ಟು.

ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ಇಷ್ಟಽ ನೋಡು," ಅಂದ ಅವನು. "ಒಳಗ ಲಿಂಕೇಜ್ ಹಿಡಕೊಂಡು ಬಿಟ್ಟೈತಿ. ಮ್ಯಾಲೆ ನಿಂತದ್ದು ಮ್ಯಾಲೇ ಇರತೈತಿ, ತಗ್ಗು ಬಿದ್ದ ಕೂಡಲೇ ಬಿಡತೈತಿ. ಬಿಡಲಿಲ್ಲಂದ್ರ ನಿನ್ನ ಎಸೀತೈತಿ."

ಇನ್ನೊಮ್ಮೆ ತೋರಿಸಲು ಅವನು ಸೀಟನ್ನು ಮೇಲೆತ್ತಿದ.

"ಸಾಕು," ಎಂದೆ. "ಮತ್ತ ಒತ್ತಬ್ಯಾಡ."

ಅವನು ನನ್ನ ಮುಖ ನೋಡಿದ. ಆಗ ಎಲ್ಲವನ್ನೂ ಹೇಳಿದೆ. ಬೇವಿನ ಗಿಡ, ಕಾಯುವುದು, ಮಾತಾಡುವುದು, ಮುದುಕ ಕೇಳಿದ್ದು. ಅವನು ನಗಲಿಲ್ಲ. ಮಡಚದೆ ಬಿಟ್ಟ ಕಾಲಿಡುವ ಕಂಬಿಗಳ ಕಡೆಗೆ ಒಮ್ಮೆ ಕಣ್ಣು ಹಾಯಿಸಿ, "ರಿಪೇರಿ ಮಾಡೂದು ಬ್ಯಾಡಂತೀಯೇನು?" ಎಂದು ಕೇಳಿದ. ನಿಜವಾಗಿಯೂ ಕೇಳಿದ, ಬೇಡ ಎಂದಿದ್ದರೆ ಒಪ್ಪುತ್ತಿದ್ದನೋ ಏನೋ. ನಾನು ಮೊಣಕಾಲಿಗೆ ಅರಿಶಿನ ಒತ್ತಿಕೊಳ್ಳುತ್ತಾ ಬಹಳ ಹೊತ್ತು ಕೂತೆ. ಕೊನೆಗೆ, "ಮಾಡೂಣು. ಆದ್ರ ನಾನಽ ಮಾಡತೇನಿ," ಎಂದೆ.

ಬೇರಿಂಗುಗಳೂ ಕೆಸರು ತಡೆಯುವ ರಬ್ಬರು ಸೀಲುಗಳೂ ಪುಣೆಯಿಂದ ಬಂದ ಮೇಲೆ ಒಂದು ರವಿವಾರ ಕೆಲಸಕ್ಕೆ ಕೂತೆವು. ಓಣಿಯ ಆಚೆ ಗುಡಿಯ ಮುಂದಿನ ಪೇಟೆ ಗಿಜಿಗುಡುತ್ತಿತ್ತು. ಎಂಜಿನ್ನಿನ ಅಡಿಗೆ ದ್ರಾಕ್ಷಿ ತುಂಬುವ ಕ್ರೇಟುಗಳನ್ನು ಮಗುಚಿ ಹಾಕಿ ಗಾಡಿಯನ್ನು ಅದರ ಮೇಲೆ ಕೂರಿಸಿ ಹಿಂದಿನ ಚಕ್ರ ಬಿಚ್ಚಿದೆವು. ಚಕ್ರ ಹೋದ ಮೇಲೆ ಆ ಗಾಡಿ ಹಿಂಗಾಲು ಕಳೆದುಕೊಂಡ ಪ್ರಾಣಿಯ ಹಾಗೆ ಕಂಡಿತು. ಚಕ್ರವನ್ನು ಹಿಡಿಯುವ ಉದ್ದ ತೋಳು, ಪೆಟ್ಟನ್ನು ನುಂಗುವ ದಪ್ಪ ಸ್ಪ್ರಿಂಗು, ಎರಡನ್ನೂ ಜೋಡಿಸಲು ಕೆಳಗೆ, ಎಲ್ಲ ಕೆಸರೂ ಬಡಿಯುವ ಜಾಗದಲ್ಲಿ, ಅಂಗೈ ಅಗಲದ ಒಂದು ಕೀಲು. ಅದೇ ಲಿಂಕೇಜು. ಮನುಷ್ಯನ ಮೊಣಕಾಲಿನಂಥದ್ದು. ಅದರ ಒಂದೊಂದು ತೂತಿನಲ್ಲೂ ಸೂಜಿಯಂಥ ಸಣ್ಣ ಉರುಳೆಗಳ ಬೇರಿಂಗು.

ಮೊದಲಿನ ಬೋಲ್ಟು ಸುಲಭವಾಗಿ ಬಂತು. ಎರಡನೆಯದು ಬರಲಿಲ್ಲ. ಎಣ್ಣೆ ಬಿಟ್ಟು ಕಾದೆವು. ಗಂಡ ಮರದ ತುಂಡಿಟ್ಟು ಸುತ್ತಿಗೆಯಿಂದ ಬಡಿದ. ಪ್ರತಿ ಪೆಟ್ಟಿಗೂ ನನ್ನ ಹಲ್ಲು ಕಚ್ಚಿಕೊಳ್ಳುತ್ತಿದ್ದವು.

"ಸಾವಕಾಶ," ಎಂದೆ.

"ಕಬ್ಬಿಣ ಐತಿ, ನೋಯೂದಿಲ್ಲ."

"ಗೊತ್ತೈತಿ. ಆದ್ರೂ ಸಾವಕಾಶ."

ಬೋಲ್ಟು ಕೊನೆಗೆ ಕಿರುಗುಟ್ಟುತ್ತಾ ಹೊರಬಂತು, ಅರ್ಧ ಮೈ ತುಕ್ಕು. ಕೀಲು ಕೈಗೆ ಬಂದಾಗ ಅದನ್ನು ಅತ್ತಿತ್ತ ತಿರುಗಿಸಿ ನೋಡಿದೆ, ತಿರುಗಲಿಲ್ಲ. ಹಸುವಿನ ಒಳಗೆ ಕಣ್ಣಿಲ್ಲದೆ ಕೈಯಾಡಿಸಿ ಕರು ಎಲ್ಲಿದೆ ಹೇಗಿದೆ ಎಂದು ಹೇಳುವ ಬೆರಳುಗಳು ನನ್ನವು. ಆ ತೂತಿನಲ್ಲಿ ಬೆರಳು ಹಾಕಿದಾಗ ಮುಟ್ಟಿದ್ದು ಗಟ್ಟಿಯಾದ ಎರೆಮಣ್ಣು. ಡೋಣಿ ಹೊಳೆಯ ದಂಡೆಯ ಕೆಸರು ಗ್ರೀಸಿನ ಜೊತೆ ಸೇರಿ ಅರಗಿನ ಹಾಗೆ ಒಣಗಿತ್ತು. ಕಿತ್ತಾಗ ಉರುಳೆಗಳು ಜೀರಿಗೆಯ ಹಾಗೆ ಅಂಗಳದಲ್ಲಿ ಉದುರಿದವು. ಕೆಲವು ಮುರಿದಿದ್ದವು.

ಸೀಲಿನ ಹಿಂದೆ ಇನ್ನೇನೋ ಇತ್ತು. ಬೋಲ್ಟು ಹಾಯುವ ಕೊಳವೆಗೆ ಬಿಗಿಯಾಗಿ ಸುತ್ತಿಕೊಂಡ ಕರಿಯ ಉಂಗುರ. ಕುರಿಯ ಕೂದಲಿರಬೇಕು ಎಂದುಕೊಂಡು ಚಿಮಟದಿಂದ ಎಳೆದೆ. ಅದು ಕೂದಲಾಗಿರಲಿಲ್ಲ, ದಾರವಾಗಿತ್ತು. ಎರಡೆಳೆ ಸೇರಿಸಿ ಕೈಯಲ್ಲಿ ಹೊಸೆದ ಉಣ್ಣೆಯ ದಾರ. ಬಿಚ್ಚಿದಷ್ಟೂ ಬಂತು, ನನ್ನ ಮೊಣಕೈ ಉದ್ದ, ಮತ್ತೂ ಉದ್ದ.

ಕಂಬಳಿಯ ಅಂಚು. ಸೀಟಿನಿಂದ ಜೋತುಬಿದ್ದ ಯಾವುದೋ ದಿನ ಗಾಡಿ ಅದನ್ನು ಕಚ್ಚಿ ಒಳಗೆಳೆದುಕೊಂಡಿತ್ತು.

ಗಂಡ ಸೀಮೆಎಣ್ಣೆಯ ತಟ್ಟೆಯನ್ನು ಮುಂದಕ್ಕೆ ತಳ್ಳಿದ. "ಇದರಾಗ ಹಾಕು, ಆಮ್ಯಾಲೆ ಎಲ್ಲಾ ಒಮ್ಮೆ ಚೆಲ್ಲೂಣು." ಆಮೇಲೆ ನನ್ನ ಕೈಯಲ್ಲಿರುವುದನ್ನು ನೋಡಿ ತಟ್ಟೆಯನ್ನು ತಾನೇ ಹಿಂದಕ್ಕೆಳೆದುಕೊಂಡ. ಕಾಕಾ ಅವರನ್ನು ಮಣ್ಣಿಗಿಟ್ಟಾಗ ಅವನೂ ಕುಣಿಯ ಪಕ್ಕದಲ್ಲಿ ನಿಂತಿದ್ದ. ಆ ಕಂಬಳಿ ಎಲ್ಲಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ನಾನು ದಾರವನ್ನು ಸೀಮೆಎಣ್ಣೆಯಲ್ಲಿ ಅದ್ದಲಿಲ್ಲ, ಹಳೆಯ ಧೋತರದ ಚೂರಿನಲ್ಲಿ ಒರೆಸಿ ಸುತ್ತಿಟ್ಟೆ.

ಉಳಿದ ಕೆಲಸ ಸಂಜೆಯವರೆಗೆ ನಡೆಯಿತು. ಎಲ್ಲ ತೊಳೆದು, ಒರೆಸಿ, ಹೊಸ ಬೇರಿಂಗುಗಳನ್ನು ನೇರವಾಗಿ ಒತ್ತಿ ಕೂರಿಸಿ, ನೀರಿಗೆ ಜಗ್ಗದ ನೀಲಿ ಗ್ರೀಸನ್ನು ಉರುಳೆ ಉರುಳೆಯ ನಡುವೆ ಬೆರಳಿನಿಂದ ತುಂಬಿದೆ. ಅವಸರ ಮಾಡಿದರೆ ಗ್ರೀಸು ಮೇಲೆ ಕೂರುತ್ತದೆ, ಒಳಗೆ ಇಳಿಯುವುದಿಲ್ಲ. ಬಾಣಂತಿಗೆ ಎಣ್ಣೆ ಒತ್ತುವ ಹಾಗೆ ಒತ್ತುತ್ತಾ ಹೋಗಬೇಕು. ಸೀಲು ಹಾಕಿ, ಬೋಲ್ಟುಗಳಿಗೂ ತೆಳ್ಳಗೆ ಬಳಿದು, ಬಿಗಿತ ಅಳೆಯುವ ಪಾನಾ ಕಟ್ ಎನ್ನುವವರೆಗೆ ಬಿಗಿದೆ. ಚಕ್ರ ಏರಿಸಿದ ಮೇಲೆ ಗಂಡ ಸೀಟಿನ ಮೇಲೆ ಕೈಯೂರಿದ. ಅದು ನೀರಿನಲ್ಲಿ ಇಳಿದ ಹಾಗೆ ಇಳಿದು, ಸದ್ದಿಲ್ಲದೆ ಮೇಲೆ ಬಂತು.

ಅಷ್ಟು ಚೆನ್ನಾಗಿ ಆದ ಕೆಲಸ ನೋಡಿ ನನಗೆ ಸಂತೋಷವಾಗಲಿಲ್ಲ.

ಮಾರನೆಯ ವಾರ ಬಿಜ್ಜರಗಿಗೆ ಹೋದೆ. ಏರಿನ ಬುಡದಲ್ಲಿ ನಿಲ್ಲಿಸಲಿಲ್ಲ. ಬೇವಿನ ಗಿಡ ಬಂತು, ತಗ್ಗು ಬಂತು. ಗಾಡಿ ತಗ್ಗನ್ನು ಮೃದುವಾಗಿ ತಿಂದು ಮುಂದೆ ಹೋಯಿತು. ಹಿಂದೆ ಏನೂ ಇಲ್ಲ. ನಾನು ಎಂಜಿನ್ ಆರಿಸಿ ನಿಂತೆ. ಆ ದಿನ ಮೊದಲ ಸಲ ತಿರುಗಿ ನೋಡಿದೆ. ಕಪ್ಪು ಸೀಟು, ಬಿಸಿಲು, ಕೆಳಗೆ ದೂರದಲ್ಲಿ ಒಣದ್ರಾಕ್ಷಿ ಶೆಡ್ಡುಗಳ ತಗಡು. ಗಾಳಿಗೆ ಬೇವಿನ ಎಲೆಗಳು ಉದುರುತ್ತಿದ್ದವು. ಮೈಯಲ್ಲಿ ಇಷ್ಟು ದಿನ ಇದ್ದ ಅಂಜಿಕೆ ಹೋಗಿತ್ತು. ಅದರ ಜೊತೆ ಅವರೂ ಹೋಗಿದ್ದರು. ನಾನೇ ಪಾನಾ ಹಿಡಿದು ಇಳಿಸಿ ಬಂದ ಹಾಗೆ ಅನಿಸಿತು.

ಹಟ್ಟಿಯ ಮುದುಕ ಅಂದು ಏನೂ ಕೇಳಲಿಲ್ಲ. ಕುರಿಗಳ ಕಾಲು ಹಿಡಿದು ಕೊಡುತ್ತಾ ಇದ್ದ. ನನಗೆ ತಡೆಯಲಾಗಲಿಲ್ಲ.

"ಅಜ್ಜಾ, ಇವತ್ತ ಗಾಡಿ ಹೆಂಗ ಕೇಳಿಸಿತು?"

"ಹಗುರ ಬಂತವಾ," ಎಂದ ಅವನು.

ನಿಡೋಣಿಗೆ ಹೋದದ್ದು ಆ ದಾರ ಕೊಡಲು. ಕಾಕಾ ಅವರ ಹೆಂಡತಿ ಮನೆಯ ಮುಂದಿನ ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತಾ ಕೂತಿದ್ದಳು. ಗಟ್ಟಿ ಹೆಂಗಸು. ಮಗ ಸೊಸೆ ಹೊಲಕ್ಕೆ ಹೋಗಿದ್ದರು. ಧೋತರದ ಚೂರನ್ನು ಬಿಚ್ಚಿ ಅವಳ ಕೈಗೆ ಕೊಟ್ಟು, ಅದು ಎಲ್ಲಿ ಸಿಕ್ಕಿತೆಂದು ಹೇಳಿದೆ. ಅವಳು ದಾರವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದು ನೋಡಿದಳು. ಹೊಸೆದವಳು ತಾನೇ ಆದ್ದರಿಂದ ಗುರುತಿಗೆ ಹೊತ್ತು ಹಿಡಿಯಲಿಲ್ಲ.

"ಕಂಬಳಿ ಅಂಚ ಹೆಂಗ ಹರೀತಂತ ಕೇಳಿದ್ದೆ," ಎಂದಳು. "ಆಡು ತಿಂತು ಅಂದಿದ್ದ. ಯಾರ ಆಡು, ಎಲ್ಲೀ ಆಡು, ಎಲ್ಲಾ ಹೇಳಿದ. ಆ ಆಡಿಗೆ ನಾ ಎಷ್ಟ ಬೈದೇನಿ."

ನಗಲು ಶುರುಮಾಡಿದಳು. ನಾನೂ ನಕ್ಕೆ. ಗಾಡಿಗೆ ಕೆಟ್ಟ ಹೆಸರು ಬರಬಾರದೆಂದು ಹೇಳಿದ ಸುಳ್ಳು ಅದು, ನನಗೆ ಅನುಮಾನವಿರಲಿಲ್ಲ. ಆಮೇಲೆ ಅವಳು ನಗು ನಿಲ್ಲಿಸಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಗಾಡಿಯ ಮೇಲೆ ಭಾರ ಕೂರುತ್ತಿದ್ದ ವಿಷಯವನ್ನೂ ನಾನು ಅವಳಿಗೆ ಹೇಳಿದೆ. ಹೇಳಬಾರದಿತ್ತೇನೋ, ಆದರೆ ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ.

"ಹೊಲದಾಗ ಕರೆಂಟ್ ಬಂದ ಕೂಡಲೇ ನನ್ನ ಕೂಗತಿದ್ದ. ಏ, ನೀರ ಬಂತು ಬಾ ಬೇ, ಅಂತ. ಈಗೂ ಕೇಳಸತೈತ್ರಿ. ಎದ್ದು ನಾಕ ಹೆಜ್ಜಿ ಹೋಗೇ ಬಿಡತೇನಿ." ಮೊರವನ್ನು ಬದಿಗಿಟ್ಟಳು. "ನಿಮ್ಮದು ಗಾಡಿ, ಬಿಚ್ಚಿದ್ರಿ, ಗ್ರೀಸ್ ಹಚ್ಚಿದ್ರಿ, ಸುಮ್ಮನಾತು. ನನ್ನ ಕಿವಿಗೆ ಏನ ಹಚ್ಚಲಿ ಹೇಳ್ರಿ?"

ಅವಳು ದಾರವನ್ನು ಮಂಗಳಸೂತ್ರ ಇಲ್ಲದ ಕೊರಳಿಗೆ ಕಟ್ಟಲಿಲ್ಲ, ದೇವರ ಮುಂದೆ ಇಡಲಿಲ್ಲ. ಗ್ರೀಸಿನ ವಾಸನೆಗೆ ಮೂಗು ಮುರಿದು ಕುಪ್ಪಸದೊಳಗೆ ಸಿಕ್ಕಿಸಿಕೊಂಡಳು.

ಹೊರಟಾಗ, ಬಬಲೇಶ್ವರದವರೆಗೆ ಬಿಡುತ್ತೀರೇನು, ಸಂತೆಯ ಕೆಲಸವಿದೆ ಎಂದಳು. ಗಾಡಿಯನ್ನು ಸುತ್ತಿ ನೋಡಿದಳು. ಅದರ ಎತ್ತರಕ್ಕೆ ಅಂಜಲಿಲ್ಲ.

"ಅಂವ ನಿಮ್ಮ ಬೆನ್ನಿಗೆ ಊರೆಲ್ಲಾ ತಿರಗ್ಯಾನ. ನಾ ಒಮ್ಮೆನೂ ಇದರ ಮ್ಯಾಲೆ ಕುಂತಿಲ್ರಿ."

ನನ್ನ ಭುಜ ಹಿಡಿದು, ಕಂಬಿಯ ಮೇಲೆ ಕಾಲಿಟ್ಟು, ಸೀರೆ ಒತ್ತಿಕೊಂಡು ಪಕ್ಕಕ್ಕೆ ಕೂತಳು. ಹಿಂಭಾಗ ಅವಳ ತೂಕಕ್ಕೆ ತಕ್ಕಷ್ಟು ಇಳಿಯಿತು. ಊರು ದಾಟಿದೆವು. ಇಬ್ಬದಿಗೂ ಕಡಲೆ, ಬಿಳಿಜೋಳ. ಅವರ ಹೊಲ ರಸ್ತೆಗೆ ಹತ್ತಿ ಇದೆ. ಮೂಲೆಯಲ್ಲಿ ಮಣ್ಣಿನ ದಿಬ್ಬ, ಮೇಲೆ ಹುಲ್ಲು ಬಂದಿತ್ತು. ಅಲ್ಲಿ ನಾನು ಗತಿ ಕಡಿಮೆ ಮಾಡಿದೆ. ನಿಲ್ಲಿಸಲೇ ಎಂದು ಕೇಳಬೇಕೆನ್ನುವಷ್ಟರಲ್ಲಿ ಅವಳು ತನ್ನ ಹಿಂದೆ ಒಬ್ಬರಿಗೆ ಜಾಗ ಬಿಟ್ಟು, ನನ್ನ ಬೆನ್ನಿಗೆ ಒತ್ತಿ ಮುಂದಕ್ಕೆ ಬಂದಳು.

"ಸ್ವಲ್ಪ ಮುಂದ ಸರೀರಿ ಬಾಯಾರ."

ಆ ಸೀಟಿನಲ್ಲಿ ಇಬ್ಬರಿಗೆ ಬೇಕಾದಷ್ಟು ಜಾಗವಿತ್ತು. ಪೆಟ್ರೋಲ್ ಟಾಕಿಗೆ ಹೊಟ್ಟೆ ತಾಗುವವರೆಗೆ ಮುಂದಕ್ಕೆ ಸರಿದು ಕೂತೆ.